ಬಾತುಗಳನ್ನು ಹೊಳೆಗೆ ಬಿಡುವ ಡಿಂಪ್ನಾ

ಹದಿನಾರು ವರ್ಷದ ಹಿಂದೆ ಒಂದು ಸಂಜೆ, ಬ್ಯಾಲಿಕ್ಲೂನ್ ಊರಾಚೆಯ ಕ್ಯಾರವಾನ್ ಎಂಬ ಗಾಲಿಮನೆಗಳ ಸಾಲಿನಲ್ಲಿ, ವಿನಿ ಮಾಂಗನ್ ಎಂಬ ತಾಯಿಯ ಬಾಗಿಲಲ್ಲಿ ನಿಂತು ಡಿಂಪ್ನಾ ಗೆರಾಟಿ ಒಂದು ಮಾತು ಕೊಟ್ಟಿದ್ದರು. "ಇನ್ನು ಮೇಲೆ ಇಲ್ಲಿಯ ಯಾವ ಮಗುವಿನ ಮುಖಾನೂ ತೋರಿಸಿ ನಾನು ದುಡ್ಡು ಎತ್ತೋದಿಲ್ಲ." ವಿನಿ "ನೋಡೋಣ" ಅಂದು ಬಾಗಿಲು ಹಾಕಿಕೊಂಡರು.

ಇವತ್ತು ಈಸ್ಟರ್ ಸೋಮವಾರ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅರವತ್ತೊಂದರ ಡಿಂಪ್ನಾ ಎದೆಮಟ್ಟ ಬರುವ ರಬ್ಬರ್ ಉಡುಪು ತೊಟ್ಟು ಊರ ಹೊಳೆಯ ನಡುವೆ ನಿಂತಿದ್ದಾರೆ. ಸೇತುವೆಯಿಂದ ಕೆಳಗೆ, ಹೊಳೆ ತಿರುಗುವ ಕಡೆ, ದಡದಿಂದ ದಡಕ್ಕೆ ಹಗ್ಗ ಕಟ್ಟಿ ಬಲೆ ಇಳಿಬಿಡುವುದು ಅವರ ಕೆಲಸ. ಖಾಲಿ ಹಾಲಿನ ಕ್ಯಾನುಗಳು ಹಗ್ಗವನ್ನು ತೇಲಿಸುತ್ತವೆ. ಆಚೆ ದಡದಲ್ಲಿ ಇನ್ನೊಂದು ತುದಿ ಹಿಡಿದಿರುವವರು ನಿವೃತ್ತ ಅಂಚೆಯವರು, ಪಾಕಿ ನೂನ್.

"ಪಾಕಿ, ಹಗ್ಗ ಎಳಿ ಅಂದ್ರೆ ಅದಕ್ಕೇ ಒರಗಿಕೊಂಡು ನಿಂತಿದೀಯಲ್ಲೋ."

"ಊರಿಗೆಲ್ಲ ಟಪಾಲು ಹೊತ್ತ ಭುಜ ಕಣಮ್ಮ ಇದು. ಸವೆದುಹೋಗಿದೆ."

"ಹೊತ್ತಿದ್ದು ವ್ಯಾನು. ನೀನು ಅದರೊಳಗೆ ಕೂತು ಬಿಸ್ಕತ್ತು ತಿಂತಿದ್ದೆ."

"ನಿಮ್ಮನೆ ಹತ್ರ ಬಂದಾಗ ನೀನೂ ಎರಡು ಕೇಳಿ ಇಸ್ಕೊಳ್ತಿದ್ದೆ. ಅದೂ ಹೇಳು."

ಮಧ್ಯಾಹ್ನ ಮೂರಕ್ಕೆ ಸೇತುವೆಯ ಮೇಲಿಂದ ಎರಡು ಸಾವಿರ ಹಳದಿ ಪ್ಲಾಸ್ಟಿಕ್ ಬಾತುಗಳು ಒಂದೇ ಸಲ ನೀರಿಗೆ ಬೀಳುತ್ತವೆ. ಪ್ರತಿಯೊಂದರ ಹೊಟ್ಟೆಯಡಿ ಒಂದು ನಂಬರು. ಐದು ಯೂರೋ ಕೊಟ್ಟವರಿಗೆ ಒಂದು ಬಾತು. ಮೊದಲು ಹಗ್ಗ ಮುಟ್ಟಿದ ಬಾತಿನ ಒಡೆಯರಿಗೆ ಊರ ಮಾಂಸದಂಗಡಿಯವರು ಕೊಡುವ ಅರ್ಧ ಕುರಿ. ಬಂದ ಹಣವೆಲ್ಲ ಚರ್ಚಿನ ಸಭಾಂಗಣದ ಮೇಲಿರುವ ಒಂದು ಕೋಣೆಗೆ ಹೋಗುತ್ತದೆ. ಅಲ್ಲಿ ವಾರಕ್ಕೆ ಮೂರು ಸಂಜೆ ಹನ್ನೊಂದು ಮಕ್ಕಳು ಮೇಷ್ಟರೊಬ್ಬರ ಬಳಿ ಕೂತು ಶಾಲೆಯ ಪಾಠ ಕಲಿಯುತ್ತಾರೆ. ಸೂಪು, ಬ್ರೆಡ್ಡು ಡಿಂಪ್ನಾ ಮನೆಯದು.

ಮಕ್ಕಳಲ್ಲಿ ಹೆಚ್ಚಿನವರು ಟ್ರಾವೆಲರ್ ಕುಟುಂಬಗಳವರು. ಅಜ್ಜಂದಿರ ಕಾಲದವರೆಗೂ ಗಾಡಿ ಕಟ್ಟಿ ಊರೂರು ತಿರುಗಿದ ಜನ. ಈಗ ಊರಿಂದ ಆರು ಕಿಲೋಮೀಟರ್ ಆಚೆ, ನಡೆಯಲು ಅಂಚೂ ಇಲ್ಲದ ಹೆದ್ದಾರಿಯ ಪಕ್ಕದಲ್ಲಿ ನೆಲೆ ನಿಂತಿದ್ದಾರೆ. ಮಕ್ಕಳು ಬರಬೇಕೆಂದರೆ ಮಿನಿಬಸ್ಸು ಬೇಕು. ಒಂದೆರಡು ಮಕ್ಕಳನ್ನು ಎಬ್ಬಿಸಿ, ಕಾಲುಚೀಲ ಹುಡುಕಿ, ಹೊತ್ತಿಗೆ ಸರಿಯಾಗಿ ಶಾಲೆಗೆ ಅಟ್ಟುವುದರಲ್ಲೇ ಸುಸ್ತಾಗುವವರಿಗೆ ಹನ್ನೊಂದು ಮಕ್ಕಳ ಲೆಕ್ಕ ಅರ್ಥವಾದೀತು.

ಡಿಂಪ್ನಾಗೆ ಇದು ಸಂಬಳದ ಕೆಲಸವಲ್ಲ. ಹೊಟ್ಟೆಪಾಡಿಗೆ ಅವರು ವೃದ್ಧಾಶ್ರಮವೊಂದರಲ್ಲಿ ಅಡುಗೆಯವರು. ಬೆಳಿಗ್ಗೆ ಏಳಕ್ಕೆ ಗಂಜಿ ಒಲೆ ಮೇಲೆ ಇರಬೇಕು. ಮಧ್ಯಾಹ್ನ ಮೂರಕ್ಕೆ ಬಿಡುವು. ಇವತ್ತೊಂದು ದಿನ ರಜೆ ಹಾಕಿದ್ದಾರೆ. ಅವರೇ ಓದಿದ್ದು ಹದಿನಾಲ್ಕರವರೆಗೆ. ಅಮ್ಮ ಹಾಸಿಗೆ ಹಿಡಿದಾಗ ಮನೆಯ ಹಿರಿಮಗಳು ಶಾಲೆ ಬಿಟ್ಟಳು, ಯಾರೂ ಅದನ್ನು ದೊಡ್ಡ ವಿಷಯ ಮಾಡಲಿಲ್ಲ. "ನಂಗೆ ಬೇಜಾರಾಗಿದ್ದು ಬಿಟ್ಟಿದ್ದಕ್ಕಲ್ಲ. ಮಾರನೇ ದಿನ ಯಾಕೆ ಬರಲಿಲ್ಲ ಅಂತ ಒಬ್ಬರೂ ಕೇಳಲಿಲ್ಲ ನೋಡಿ, ಅದಕ್ಕೆ" ಅನ್ನುತ್ತಾರೆ.

ಮೊಣಕಾಲು ನೋವು ಆರು ವರ್ಷದ್ದು. ತಣ್ಣನೆ ನೀರಲ್ಲಿ ನಿಲ್ಲಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ಬಾತುಗಳು ಮನೆಯ ಕೊಟ್ಟಿಗೆಯಲ್ಲಿ ಮೀನಿನ ಪೆಟ್ಟಿಗೆಗಳೊಳಗೆ ವರ್ಷ ಕಳೆಯುತ್ತವೆ. ಓಟ ಮುಗಿದ ಮೇಲೆ ಅವನ್ನೆಲ್ಲ ಸ್ನಾನದ ತೊಟ್ಟಿಗೆ ಹಾಕಿ ಪಾತ್ರೆ ತೊಳೆಯುವ ಸೋಪಿನಲ್ಲಿ ಉಜ್ಜುವುದು ಒಂದು ವಾರದ ಕೆಲಸ. ಗಂಡ ಮ್ಯಾಟಿಯ ಟ್ರ್ಯಾಕ್ಟರು ಹೊರಗೆ ಮಳೆಯಲ್ಲಿ ನೆನೆಯುತ್ತದೆ. "ಮೊಟ್ಟೆ ಇಡದ ಬಾತುಗಳಿಗೆ ಈ ಮನೇಲಿ ಇರೋ ಮರ್ಯಾದೆ ನಂಗಿಲ್ಲ" ಅನ್ನುವುದು ಮ್ಯಾಟಿಯ ಮಾತು. ಬಾತುಗಳನ್ನು ಸೇತುವೆಗೆ ಸಾಗಿಸುವವರು ಮಾತ್ರ ಅವರೇ.

ಈ ಕಡೆಯ ಊರುಗಳಲ್ಲಿ ಒಂದು ರೂಢಿಯಿದೆ. ಯಾವುದಕ್ಕೇ ಹಣ ಕೂಡಿಸಲಿ, ಕೊನೆಗೆ ಬಾಗಿಲಷ್ಟು ದೊಡ್ಡದಾದ ರಟ್ಟಿನ ಚೆಕ್ಕು ಮಾಡಿಸಿ, ನಾಲ್ಕು ಜನ ಅದನ್ನು ಹಿಡಿದು ನಿಂತು ಫೋಟೊ ತೆಗೆಸಿಕೊಳ್ಳಬೇಕು. ಅದು ಬುಧವಾರದ ಪತ್ರಿಕೆಯಲ್ಲಿ ಬರಬೇಕು. ಹದಿನಾರು ವರ್ಷದ ಹಿಂದಿನ ಮೊದಲ ಓಟದಲ್ಲಿ ಸಮಿತಿಯವರು ಚೆಕ್ಕಿನ ಮುಂದೆ ವಿನಿಯ ಹಿರಿಮಗ, ಹನ್ನೊಂದರ ಜಿಮ್‌ನನ್ನು ನಿಲ್ಲಿಸಿದರು. ಕೈಯಲ್ಲಿ ಹೊಸ ಶಾಲಾಚೀಲ. ಯಾರಿಗೂ ತಪ್ಪು ಅನ್ನಿಸಲಿಲ್ಲ. ಟೀಚರೊಬ್ಬರು ಖುಷಿಯಿಂದಲೇ ಆ ಫೋಟೊ ಕತ್ತರಿಸಿ ತರಗತಿಯ ಗೋಡೆಗೆ ಅಂಟಿಸಿದರು. ಹುಡುಗರು ಅವನಿಗೆ 'ಚೆಕ್ಕು' ಅಂತ ಹೆಸರಿಟ್ಟರು. ಚೆಕ್ಕು, ನಿನ್ನ ಬೂಟು ಯಾರ ದುಡ್ಡು? ಚೆಕ್ಕು, ಊಟ ಆಯ್ತಾ, ಇಲ್ಲ ಚಂದಾ ಎತ್ತಬೇಕಾ? ಬೇಸಿಗೆ ರಜೆಯ ನಂತರ ಜಿಮ್ ಶಾಲೆಗೆ ಬರಲಿಲ್ಲ. ಈಗ ಸಮುದ್ರದಾಚೆಯ ಲೀಡ್ಸ್ ನಗರದಲ್ಲಿದ್ದಾನೆ. ಫೋನಿಗೆ ಬಂದ ಮೆಸೇಜನ್ನು ಹೆಂಡತಿ ಓದಿ ಹೇಳುತ್ತಾಳೆ.

"ಆ ಫೋಟೊದಲ್ಲಿ ಚೆಕ್ಕಿನ ಎಡಗಡೆ ತುದಿ ಹಿಡಿದವಳು ನಾನು" ಅನ್ನುತ್ತಾರೆ ಡಿಂಪ್ನಾ. "ನಗ್ತಾ ಇದೀನಿ."

ಅಲ್ಲಿಂದೀಚೆಗೆ ಚೆಕ್ಕು ಹಿಡಿಯುವುದು ಡಿಂಪ್ನಾ ಮತ್ತು ಪಾಕಿ ಇಬ್ಬರೇ.

ಈ ವರ್ಷ ಬಸ್ಸಿನ ವಿಮೆ ದುಪ್ಪಟ್ಟಾಗಿದೆ. ಬಾತಿನ ದುಡ್ಡು ಮೇಷ್ಟರ ಸಂಬಳಕ್ಕೆ ಸಾಕು, ಬಸ್ಸಿಗೆ ಸಾಲದು. ವಿನಿಯ ಕಿರಿಮಗಳು ನೋರಾ-ಆನ್‌ಗೆ ಹದಿನೇಳು. ಜೂನ್‌ನಲ್ಲಿ ಶಾಲೆಯ ಕೊನೆಯ ಪರೀಕ್ಷೆಗೆ ಕೂರುತ್ತಾಳೆ. ಆ ಕ್ಯಾರವಾನ್ ಸಾಲಿನಿಂದ ಅಲ್ಲಿಯವರೆಗೆ ಬಂದವರು ಇದುವರೆಗೆ ಯಾರೂ ಇಲ್ಲ. ನರ್ಸಿಂಗ್ ಅವಳ ಆಸೆ, ಅದಕ್ಕೆ ಗಣಿತ ಪಾಸಾಗಬೇಕು. ಮೇ ತಿಂಗಳಲ್ಲಿ ಬಸ್ಸು ನಿಂತರೆ ಗಣಿತವೂ ನಿಲ್ಲುತ್ತದೆ.

ಹಗ್ಗ ಕಟ್ಟಿ ಮುಗಿಯುವ ಹೊತ್ತಿಗೆ ಟೈಲ್ಸ್ ಅಂಗಡಿಯ ಡೆಕ್ಲನ್ ಟಿವ್ನನ್ ಕಾಗದದ ಲೋಟಗಳಲ್ಲಿ ಚಹಾ ಹಿಡಿದು ದಡಕ್ಕೆ ಬರುತ್ತಾರೆ. ಇವತ್ತು ಬಂದಷ್ಟೇ ಹಣವನ್ನು ತಾನೂ ಸೇರಿಸುತ್ತೇನೆ, ಬಸ್ಸು ಓಡಲಿ ಅಂದಿದ್ದಾರೆ. ನೋರಾ-ಆನ್ ಅಲ್ಲೇ ಪೆಟ್ಟಿಗೆಗಳಿಂದ ಬಾತು ಎತ್ತಿ ನಂಬರು ಅಳಿಸಿದೆಯೋ ಎಂದು ನೋಡುತ್ತಿದ್ದಾಳೆ.

"ಡಿಂಪ್ನಾ, ಒಂದು ಸಣ್ಣ ವಿಷಯ. ಫೋಟೊದಲ್ಲಿ ಮಕ್ಕಳು ಇರಲಿ. ಇಬ್ಬರು ಮೂವರು ಸಾಕು" ಅನ್ನುತ್ತಾರೆ ಡೆಕ್ಲನ್.

"ಮಕ್ಕಳು ಬೇಡ ಡೆಕ್ಲನ್. ಪಾಕಿ ಇದಾನಲ್ಲ."

"ಪಾಕಿ ಮುಖ ನೋಡಿ ಯಾರು ದುಡ್ಡು ಕೊಡ್ತಾರೆ?"

"ನನ್ನ ಹೆಂಡ್ತೀನೂ ಅದನ್ನೇ ಅಂತಾಳೆ" ಅನ್ನುತ್ತಾರೆ ಪಾಕಿ ಆಚೆ ದಡದಿಂದ.

ಡೆಕ್ಲನ್ ನಗುತ್ತಾರೆ, ಆದರೆ ಬಿಡುವುದಿಲ್ಲ. "ನಾನೊಬ್ಬನೇ ಅಲ್ಲ, ಅಂಗಡೀಲಿ ಪಾಲುದಾರರಿದ್ದಾರೆ. ದುಡ್ಡು ಯಾರಿಗೆ ಹೋಯ್ತು ಅಂತ ಜನ ಕಣ್ಣಲ್ಲಿ ನೋಡಬೇಕು ಅಂತಾರೆ. ಇದರಲ್ಲಿ ನಾಚಿಕೆ ಪಡೋದು ಏನಿದೆ ಹೇಳಿ."

"ನಿನ್ನ ಮಗಳ ಹಲ್ಲಿಗೆ ತಂತಿ ಹಾಕಿಸಿದೆಯಲ್ಲ, ಬಿಲ್ಲು ಹಿಡಿಸಿ ಪೇಪರಿಗೆ ಫೋಟೊ ಕೊಟ್ಟೆಯಾ?"

ಡೆಕ್ಲನ್ ಚಹಾ ಲೋಟಗಳನ್ನು ಕಲ್ಲಿನ ಮೇಲಿಟ್ಟು, "ಸಂಜೆಯವರೆಗೆ ಯೋಚನೆ ಮಾಡಿ" ಅಂದು ಹೋಗುತ್ತಾರೆ.

ಅವರ ಕಾರು ಹೊರಟ ಮೇಲೆ ನೋರಾ-ಆನ್ ಏಳುತ್ತಾಳೆ. "ನಾನು ನಿಲ್ತೀನಿ. ನಾನೇನು ಜಿಮ್ ಅಲ್ಲ, ಯಾರು ಏನಂದ್ರೂ ತಿರುಗಿಸಿ ಅಂತೀನಿ."

"ಬೇಡ."

"ಮುಖ ನಂದು. ಅಮ್ಮನಿಗೆ ಕೊಟ್ಟ ಮಾತಾದ್ರೆ ನಾನೇ ಅಮ್ಮನ್ನ ಕೇಳ್ತೀನಿ." ಅಲ್ಲೇ ಫೋನು ಹಚ್ಚಿ ತಾಯಿಗೆ ಎಲ್ಲ ಹೇಳಿ, ಫೋನನ್ನು ಡಿಂಪ್ನಾ ಕಡೆ ಚಾಚುತ್ತಾಳೆ. ವಿನಿಯ ದನಿ ದಡಕ್ಕೆಲ್ಲ ಕೇಳುತ್ತದೆ. "ಅವಳು ದೊಡ್ಡವಳು, ಡಿಂಪ್ನಾ. ನಿಂತ್ಕೊಳ್ಳಲಿ ಅಂದ್ರೆ ನಿಂತ್ಕೊಳ್ಳಲಿ. ಆ ಮಾತು ಹಿಡ್ಕೊಂಡು ನಾನು ನಿನ್ನನ್ನ ಕೇಳೋದಿಲ್ಲ."

ಡಿಂಪ್ನಾ ನೀರಲ್ಲೇ ನಡೆದು ದಡದ ಹತ್ತಿರಕ್ಕೆ ಬರುತ್ತಾರೆ. ಈಗ ಅವರನ್ನು ಆ ಮಾತಿಗೆ ಕಟ್ಟಿಹಾಕಿದವರು ಯಾರೂ ಇಲ್ಲ.

"ನೀನು ಗಟ್ಟಿಗಿತ್ತಿ, ನಿಲ್ತೀಯ" ಅನ್ನುತ್ತಾರೆ ಹುಡುಗಿಗೆ. "ಬರೋ ವರ್ಷ ಇವರು ನಿನಗಿಂತ ಚಿಕ್ಕವರನ್ನ ಕೇಳ್ತಾರೆ. ಅವರಲ್ಲಿ ಏಳು ವರ್ಷದ ಮಗೂನೂ ಇದೆ. ನೋರಾ-ಆನ್ ನಿಂತಿದ್ಲಲ್ಲ, ನಿಂಗೇನು ಅಂತಾರೆ. ಆಗ ನಾನು ಏನು ಹೇಳ್ಲಿ?"

"ಹಾಗಾದ್ರೆ ನನ್ನ ಪರೀಕ್ಷೆ?"

ಡಿಂಪ್ನಾ ದಡದ ಹಗ್ಗದ ಗಂಟನ್ನು ಇನ್ನೊಮ್ಮೆ ಬಿಗಿಯುತ್ತಾರೆ. ಹುಡುಗಿ ಕೈಲಿದ್ದ ಬಾತನ್ನು ಪೆಟ್ಟಿಗೆಗೆ ಎಸೆದು ಹೊರಟುಹೋಗುತ್ತಾಳೆ.

ಮೂರಕ್ಕೆ ಓಟ ನಡೆಯುತ್ತದೆ. ಸೇತುವೆ ತುಂಬ ಜನ. ಅರ್ಧದಷ್ಟು ಬಾತುಗಳು ಜೊಂಡಿಗೆ ಸಿಕ್ಕಿಕೊಂಡದ್ದರಿಂದ ಪಾಕಿ ಕೋಲು ಹಿಡಿದು ಹೊರಡುತ್ತಾರೆ. ಗೆದ್ದ ಬಾತು ಮಾಂಸ ತಿನ್ನದ ಟೀಚರೊಬ್ಬರದು. ಅರ್ಧ ಕುರಿಯನ್ನು ಅಲ್ಲೇ ಹರಾಜು ಹಾಕುತ್ತಾರೆ. ಸಂಜೆ ಡೆಕ್ಲನ್ ಫೋನು ಮಾಡಿದಾಗ ಡಿಂಪ್ನಾ ಬೆಳಿಗ್ಗೆ ಹೇಳಿದ್ದನ್ನೇ ಹೇಳುತ್ತಾರೆ. ಪಾಲುದಾರರು ಒಪ್ಪುವುದಿಲ್ಲ, ಅವರ ಹಣ ಬರುವುದಿಲ್ಲ. ಬುಧವಾರದ ಪತ್ರಿಕೆಯಲ್ಲಿ ಚೆಕ್ಕಿನ ಒಂದು ತುದಿಗೆ ಡಿಂಪ್ನಾ, ಇನ್ನೊಂದು ತುದಿಗೆ ಪಾಕಿ.

ಏಪ್ರಿಲ್ ಕೊನೆಗೆ ಬಸ್ಸು ನಿಂತಿದೆ. ಈಗ ವೃದ್ಧಾಶ್ರಮದ ಕೆಲಸ ಮುಗಿಸಿ ಡಿಂಪ್ನಾ ತಮ್ಮ ಹಳೇ ಕಾರಿನಲ್ಲಿ ಮಕ್ಕಳನ್ನು ಮೂರು ಸುತ್ತಿನಲ್ಲಿ ಕರೆತರುತ್ತಾರೆ, ಮೂರು ಸುತ್ತಿನಲ್ಲಿ ಬಿಡುತ್ತಾರೆ. ಮನೆ ಮುಟ್ಟುವಾಗ ಮ್ಯಾಟಿಯ ಊಟ ಮುಗಿದಿರುತ್ತದೆ. ನೋರಾ-ಆನ್ ಹದಿನೈದು ದಿನ ಅವರ ಜೊತೆ ಮಾತಾಡಲಿಲ್ಲ. ಹಿಂದಿನ ಸೀಟಿನಲ್ಲಿ ಗಣಿತದ ಪುಸ್ತಕ ತೆರೆದು ಕೂರುತ್ತಿದ್ದಳು. ಈಗ ಮುಂದೆ ಕೂರುತ್ತಾಳೆ, ಗೇರು ಹಾಕುವುದು ಸರಿಯಿಲ್ಲ ಅಂತ ಬೈಯುತ್ತಾಳೆ.

ಏನಾದರೂ ಆಸೆ ಇದೆಯೇ ಅಂದರೆ ಡಿಂಪ್ನಾ ಕಾರಿನ ಕಡೆ ಕೈ ತೋರಿಸುತ್ತಾರೆ. "ಪರೀಕ್ಷೆ ದಿನ ಬೆಳಿಗ್ಗೆ ಇದು ಸ್ಟಾರ್ಟ್ ಆದ್ರೆ ಸಾಕು."

ವಿನಿ, ಜಿಮ್, ನೋರಾ-ಆನ್ ಎಂಬುವು ಅವರ ನಿಜ ಹೆಸರುಗಳಲ್ಲ. ಈ ಬರಹದ ಜೊತೆಗೂ ಮಕ್ಕಳ ಫೋಟೊ ಇಲ್ಲ. ಡಿಂಪ್ನಾ ಕೊಟ್ಟ ಮಾತು ಉಳಿದಿದೆ.