ಕಾಮಾಲೆಯ ಬರೆ

ಮಕ್ಕಳ ಆರೋಗ್ಯ ತಪಾಸಣೆಗೆಂದು ಕಡಬ ಕಡೆಯ ಒಂದು ಅಂಗನವಾಡಿಗೆ ಹೋಗಿದ್ದೆ. ಐದು ವರ್ಷದ ಹುಡುಗಿಯೊಬ್ಬಳ ಮಣಿಕಟ್ಟಿನಲ್ಲಿ ಸುಟ್ಟ ಕಲೆ ಕಂಡಿತು.

"ಕಾಮಾಲೆಗೆ ಬರೆ ಹಾಕಿದ್ದು ಮಾರಾಯ್ರೆ, ಬೇರೆ ಎಂತ ಇಲ್ಲ" ಎಂದರು ಅವಳನ್ನು ಕರಕೊಂಡು ಬಂದಿದ್ದ ಅಜ್ಜಿ.

ನಾನೂ ಇದೇ ಕಡೆಯವಳು, ಕಾಮಾಲೆಗೆ ಕಾದ ಕಬ್ಬಿಣದ ಬರೆ ಎಳೆಯುವವರನ್ನು ನೋಡಿಯೇ ಬೆಳೆದವಳು. ಅಜ್ಜಿಗೆ ನಾಲ್ಕು ಮಾತು ಬೈದು 'ಹಳೆಯ ಕಲೆ' ಎಂದು ಬರೆದುಕೊಂಡೆ. ಆಮೇಲೆ ತೋಳಿನ ಅಳತೆ ತೆಗೆಯಲು ಅಂಗಿ ಸರಿಸಿದರೆ ಇನ್ನೂ ಮೂರು ಬರೆ. ಒಂದರ ಗುಳ್ಳೆ ಕೂಡ ಒಡೆದಿರಲಿಲ್ಲ.

"ನಿಂಗೆ ಎಷ್ಟು ಸಲ ಕಾಮಾಲೆ ಬಂದದ್ದು ಪುಟ್ಟಿ?"

"ಸುಳ್ಳು ಹೇಳಿದಾಗೆಲ್ಲ ಬರ್ತದೆ" ಎಂದಳು, ಪದ್ಯ ಒಪ್ಪಿಸಿದ ಹಾಗೆ.

ಅಜ್ಜಿ ಕಿಟಕಿಯ ಕಡೆ ತಿರುಗಿದರು. ಅಲ್ಲಿಂದಲೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಅವರು ಬರುವವರೆಗೆ ಮಗುವನ್ನು ಮನೆಗೆ ಬಿಡಲಿಲ್ಲ.

ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ನನ್ನದೇ ಮಣಿಕಟ್ಟಿನಲ್ಲಿದ್ದ ಚಿಕ್ಕಂದಿನ ಬರೆ ಕಣ್ಣಿಗೆ ಬಿತ್ತು. ಮನೆ ತಲುಪುವಷ್ಟು ತಾಳ್ಮೆ ಇರಲಿಲ್ಲ, ಅಮ್ಮನಿಗೆ ಫೋನ್ ಮಾಡಿದೆ.

"ನಂಗೆ ಕಾಮಾಲೆ ಬಂದದ್ದು ಯಾವಾಗ ಅಮ್ಮ?"

ಅಮ್ಮ, "ರಾತ್ರಿಗೆ ಎಂತ ಅಡಿಗೆ ಮಾಡ್ತಿ?" ಎಂದು ಕೇಳಿದರು.