ಜೀಪಿನ ಮುಂದಿನ ಮೂಲಿ

ಅಗರಖೇಡದಾಗ ಸುಂದರವ್ವನ ಕೈಯಾಗ ಹುಟ್ಟದವರನ್ನ ಹುಡುಕಬೇಕಂದ್ರ ಬ್ಯಾರೆ ಊರಿಂದ ಬಂದ ಸೊಸಿಯಂದಿರನ್ನ ಕೇಳಬೇಕಿತ್ತು. ನಲವತ್ತು ವರ್ಷ ಸೂಲಗಿತ್ತಿತನ ಮಾಡಿದಾಕಿ ಆಕಿ. ಊರಿಂದ ಇಂಡಿಗೆ ಜೀಪು ಹೊಡಿಯೋ ಜೈನುದ್ದೀನನ ಹೊಕ್ಕಳಬಳ್ಳಿ ಕೊಯ್ದಾಕಿನೂ ಇಕೀನ. ಹಂಗಾಗಿ ಆ ಜೀಪಿನಾಗ ಆಕಿಗಂತ ಒಂದು ಜಾಗಾ ಇತ್ತು. ಯಾರೂ ಬರದು ಕೊಟ್ಟಿದ್ದಿಲ್ಲ, ಆದ್ರ ಊರಾಗ ಎಲ್ಲಾರಿಗೂ ಗೊತ್ತಿತ್ತು.

ಜೀಪಿನ ಹಿಂದ ಮೊದಲ ಮುಂದಕ ಮುಖ ಮಾಡಿದ ಸೀಟು ಇದ್ವು. ಜೈನುದ್ದೀನ ಅವನ್ನ ಕಿತ್ತಿಸಿ, ಇಂಡಿಯ ಒಂದು ವೆಲ್ಡಿಂಗ್ ಅಂಗಡಿಯಾಗ ಬೆಂಚಿನಂಥಾ ಎರಡು ಉದ್ದನ ಬಾಕು ಮಾಡಿಸಿ, ಎಡಕ್ಕೊಂದು ಬಲಕ್ಕೊಂದು ಕೂಡಿಸಿದ್ದ. ಆರು ಮಂದಿ ಹಿಡಿಯೋ ಗಾಡಿ ಹದಿನಾಲ್ಕು ಮಂದೀನ್ನ ನುಂಗಾಕತ್ತಿತು. ಎದುರಾಬದುರಾ ಕುಂತು, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು, ಕಾಲಾಗ ನಿಂಬಿಹಣ್ಣಿನ ಚೀಲ ಇಟಗೊಂಡು ಮಂದಿ ಇಂಡಿ ಮುಟ್ಟತಿದ್ರು. ಆ ಬಾಕಿನ ಮ್ಯಾಲ ಎಷ್ಟು ಹೆಣ್ಣು-ಗಂಡಿನ ಮಾತು ಮುಗದಾವೋ ಲೆಕ್ಕಿಲ್ಲ. ಆರ್.ಟಿ.ಓ. ಕೊಟ್ಟ ಗಾಡಿ ಪುಸ್ತಕದಾಗ ಅಂಥಾ ಬಾಕಿನ ಸುದ್ದೀನ ಇದ್ದಿಲ್ಲ, ಆದ್ರ ಆ ಪುಸ್ತಕ ತಗದು ನೋಡಿದವರು ಊರಾಗ ಯಾರೂ ಇದ್ದಿಲ್ಲ.

ಹಿಂದಿನ ತುದಿಗೆ ಕುಂತವರ ಕೆಳಗ ಗಾಲಿ ಬರತಿತ್ತು, ತೆಗ್ಗಿಗೊಮ್ಮೆ ತಲಿ ತಗಡಿಗೆ ಬಡೀತಿತ್ತು. ಮುಂದಿನ ತುದಿ, ಅಂದ್ರ ಡ್ರೈವರನ ಬೆನ್ನ ಹಿಂದಿನ ಮೂಲಿ, ಅಷ್ಟು ಕುಲುಕತಿದ್ದಿಲ್ಲ. ಎಡಗಡೆ ಮೂಲ್ಯಾಗ ಸ್ಟೆಪ್ನಿ ಗಾಲಿ ಇತ್ತು, ಹಿಂಗಾಗಿ ಇದ್ದಿದ್ದು ಒಂದ ಮೂಲಿ. ಹಿರಿಯರು, ಬಸರಿ ಹೆಣಮಕ್ಕಳು, ಬಾಣಂತ್ಯಾರು ಬಂದ್ರ ಮಂದಿ ತಾವಾಗೇ ಸರದು ಆ ಮೂಲಿ ಬಿಡತಿದ್ರು. ಇವರ್ಯಾರೂ ಇಲ್ಲದಾಗ ಅದು ಸುಂದರವ್ವಂದು. ಇವರಿದ್ದಾಗ ಆಕೀನ ಎದ್ದು, "ಬಾ ತಾಯಿ, ಕುಂಡ್ರು" ಅಂತ ದಾನ ಕೊಟ್ಟಂಗ ಕೊಡತಿದ್ಲು. ಕುಂಡ್ರೂದಕಿಂತ ಹಂಗ ಕೊಡೋದರಾಗ ಆಕಿಗೆ ಹೆಚ್ಚು ಸುಖ ಇತ್ತು.

ತೊಂಬತ್ತೊಂಬತ್ತರಾಗ ಊರಿಗೆ ಒಬ್ಬಾಕಿ ನರ್ಸಬಾಯಿ ಬಂದ್ಲು. ಸಿಂದಗಿ ಕಡ್ಯಾಕಿ, ಹೆಸರು ಸಂಘಮಿತ್ರಾ. ತೆಳ್ಳನ ಮೈ, ಭುಜಕ್ಕೊಂದು ಚೀಲ, ಮಾತು ಕಡಿಮಿ. ಸುಂದರವ್ವ ಮೊದಲ ದಿನಾನ ಮೂಗು ಮುರದು, ಇಕೀಗೆ ಸೂಜಿ ಚುಚ್ಚೂದ ಒಂದ ಗೊತ್ತು, ಹೊಟ್ಟಿ ಮ್ಯಾಲ ಕೈ ಇಟ್ಟರ ಕೂಸು ಎತ್ತಾಗ ಮಲಗೇತಿ ಅಂತ ತಿಳಿಯೂದಿಲ್ಲ ಅಂದಿದ್ಲು. ಆದ್ರ ತಿಳಿತಿತ್ತು. ಅದನ್ನ ಸುಂದರವ್ವ ತನ್ನ ಕಣ್ಣಿಲೇ ನೋಡಿದ್ಲು, ಅದಕ್ಕ ಇನ್ನಷ್ಟು ಉರದು ಹೋದ್ಲು. ಆ ವರ್ಷ ಊರಾಗ ಹನ್ನೊಂದು ಕೂಸು ಹುಟ್ಟಿದ್ವು, ಸುಂದರವ್ವಗ ಕರಿ ಬಂದಿದ್ದು ಎರಡಕ್ಕ. ಉಳಿದ ಒಂಬತ್ತು ಮನಿ ಮುಂದ ಹಾಯ್ದಾಗೊಮ್ಮೆ ತೊಟ್ಟಿಲ ಸಪ್ಪಳ ಕಿವಿಗೆ ಬಿದ್ದು ಆಕಿ ಹೊಟ್ಟ್ಯಾಗ ಕಿಚ್ಚು ಬೀಳತಿತ್ತು. ಹಲ್ಲು ಕಡಕೊಂಡು ಲಗುಲಗು ದಾಟಿ ಹೋಗತಿದ್ಲು.

ಇಷ್ಟಾದ್ರ ತಡಕೋತಿದ್ಲೇನೋ. ಒಂದು ಸಂತಿ ದಿನ ನಿಂಬಿ ಬುಟ್ಟಿ ಹೊತಗೊಂಡು ಜೀಪಿಗೆ ಬಂದು ನೋಡತಾಳ, ಮೂಲ್ಯಾಗ ನರ್ಸಬಾಯಿ ಕುಂತಾಳ! ಸುಂದರವ್ವ ಬುಟ್ಟಿ ಸಮೇತ ನಿಂತಳು. ಜೈನುದ್ದೀನ ಕನ್ನಡಿ ಒರಸಿದ್ದ ಒರಸಿದ್ದು. ಆಕಿನ್ನ ಎಬ್ಬಸಲಿಲ್ಲ. ಕಡೀಕ ಸುಂದರವ್ವ ಹಿಂದ ಗಾಲಿ ಮ್ಯಾಲ ಕುಂತಳು. ಇಂಡಿ ಮುಟ್ಟೂತನಾ ತೆಗ್ಗಿಗೊಮ್ಮೆ ನರ್ಸಬಾಯಿನ ಮಾರಿ ನೋಡಿದ್ಲು. ಆ ಮಾರಿ ಮ್ಯಾಲ ಜಂಬ ಇದ್ರ ಬೈಯಾಕರ ಬರತಿತ್ತು, ಅದೂ ಇದ್ದಿಲ್ಲ.

ಅವತ್ತಿನಿಂದ ಆ ಮೂಲಿ ನರ್ಸಬಾಯಿದಾತು. ಮಂದಿಗೆ ಸೋಜಿಗ ಅನಿಸಿದ್ದು ಬ್ಯಾರೇನ. ಬಸರಿ ಹೆಂಗಸರು ಬಂದ್ರೂ ಆಕಿ ಏಳತಿದ್ದಿಲ್ಲ. ಮುಂದ ಡ್ರೈವರನ ಬಾಜೂ ಕುಂತ ಗಂಡಸರನ್ನ ಕೆಳಗ ಇಳಿಸಿ, ಆ ಬಸರ್ಯಾರನ್ನ ಅಲ್ಲಿ ಕುಂಡ್ರಸತಿದ್ಲು. ಹೆಣಮಗಳು ಡ್ರೈವರನ ಬಾಜೂ ಕುಂಡ್ರೂದಂದ್ರ ಏನು! ಮುಂದಿನ ಸೀಟು ಅಂದ್ರ ಗೌಡರದು, ಅಂಗಡಿ ಶ್ರೀಶೈಲಪ್ಪಂದು, ಮಾಸ್ತರದು. ಶ್ರೀಶೈಲಪ್ಪ ಎರಡು ಸಲ ಮುಖ ಗಂಟು ಹಾಕ್ಕೊಂಡು ಹಿಂದ ಬಂದು ಕುಂತ. ಬಾಕು ತಗದು ಮೊದಲಿನ ಸೀಟು ಹಾಕಂತ ನರ್ಸಬಾಯಿ ಜೈನುದ್ದೀನಗ ಹೇಳಿದ್ದೂ ಊರಾಗ ಗೊತ್ತಾತು. ಇದು ಕಾಯ್ದೆಕ್ಕ ಬಾಹಿರ, ನಾಳೆ ಏನರ ಆದ್ರ ಯಾರಿಗೂ ನಯಾಪೈಸೆ ಪರಿಹಾರ ಸಿಗೂದಿಲ್ಲ ಅಂದಿದ್ಲಂತ. ಆರೇ ಮಂದೀನ್ನ ಒಯ್ದ್ರ ಡೀಸಲ್ ರೊಕ್ಕಾನೂ ಹುಟ್ಟೂದಿಲ್ಲ, ದಿನಕ್ಕ ಬರೋದು ಎರಡು ಬಸ್ಸು, ಉಳಿದ ಮಂದೀನ್ನ ನೀವು ಹೊತಗೊಂಡು ಹೋಗ್ತೀರೇನ್ರಿ ಅಂತ ಅವನೂ ಕೇಳಿದ್ದ.

ಸುಂದರವ್ವಗ ಇದು ಚಲೋ ಸಿಕ್ತು. ಬಾವಿ ಕಟ್ಟಿಗೆ ಹೋದಲ್ಲಿ, ಹಿಟ್ಟಿನ ಗಿರಣಿಗೆ ಹೋದಲ್ಲಿ ಅದ ಮಾತು. ನೋಡ್ರವ್ವಾ, ನರ್ಸು ಅಂತಾಳ, ಬಸರಿಗೆ ಮೂಲಿ ಬಿಡೂದಿಲ್ಲ, ತಾನ ಮೆತ್ತಗ ಕುಂತು ಪರರ ಹೆಣಮಕ್ಕಳನ್ನ ಗಂಡಸರ ಮಗ್ಗಲಕ ದೂಕತಾಳ, ಮ್ಯಾಲ ಇದ್ದೊಂದು ಜೀಪಿಗೂ ಕಲ್ಲು ಹಾಕಾಕ ನಿಂತಾಳ. ಅಂದಷ್ಟೂ ಆಕಿಗೆ ಎದಿ ಹಗುರಾಗತಿತ್ತು, ಮನಿಗೆ ಬರೂದರಾಗ ಮತ್ತ ಭಾರ ಆಗತಿತ್ತು.

ಯಾಕಂದ್ರ ಮನ್ಯಾಗ ಸೊಸಿ ಸುವರ್ಣಾ ಇದ್ಲು. ಎರಡು ಸಲ ಆಕಿ ಬಸರು ನಿಂತು ಜಾರಿ ಹೋಗಿತ್ತು. ಎರಡೂ ಸಲ ಆರೈಕಿ ಸುಂದರವ್ವಂದ. ಮೂರನೇ ಸಲ ನಿಂತಾಗ ಮಗ ಬಸಣ್ಣ ತಾಯಿ ಮಾರಿ ನೋಡದನ, ಈ ಸಲ ನರ್ಸಬಾಯಾರ ಸಂಗಾಟ ಇಂಡಿ ದವಾಖಾನಿಗೆ ತೋರಿಸ್ತೇವಿ ಅಂದ. ಊರ ಕೂಸುಗಳನ್ನೆಲ್ಲಾ ಹಿಡದ ಕೈ ಇದು, ಸ್ವಂತ ಮನಿಗೇ ಬ್ಯಾಡಾತು. ಅವತ್ತು ಸುಂದರವ್ವ ಉಣ್ಣಲಿಲ್ಲ. ಒಲಿ ಮುಂದ ಕುಂತು, ಆ ನರ್ಸಬಾಯಿ ಕೈಗೆ ಹುಳಾ ಬೀಳಲಿ ಅಂತ ಬಾಯಿಬಿಟ್ಟ ಅಂದ್ಲು.

ಎರಡು ಸಾವಿರದ ಒಂದರಾಗ, ಶಿವರಾತ್ರಿ ಮುಂದ, ಸುವರ್ಣಾಗ ಏಳು ತಿಂಗಳು ತುಂಬಿತ್ತು. ತಪಾಸಣಿಗೆ ಹೋಗೋ ದಿನ ಸುಂದರವ್ವ ಯಾರೂ ಕರೀದನ ಹೊಸಾ ಇಳಕಲ್ ಸೀರಿ ಉಟಗೊಂಡು ಹೊಂಟು ನಿಂತಳು. ಜೀಪು ತುಂಬಿತ್ತು. ಮುಂದಿನ ಸೀಟು ಖಾಲಿ ಮಾಡಿಸಿ ನರ್ಸಬಾಯಿ ಸುವರ್ಣಾಗ, ಅಲ್ಲಿ ಕುಂಡ್ರವಾ ಅಂದ್ಲು. ಇಷ್ಟು ಸಾಕಾತು. ಸುಂದರವ್ವ ಊರ ಅಗಸಿ ಬಾಗಲದಾಗ ನಿಂತ ಮಂದಿಗೆಲ್ಲಾ ಕೇಳೂವಂಗ, ನನ್ನ ಸೊಸಿ ಡ್ರೈವರನ ಮಗ್ಗಲಕ ಕುಂಡ್ರಾಕ ಬಿಟ್ಟಿ ಬಿದ್ದಿಲ್ಲ, ಆ ಮೂಲಿ ನಂದು, ನಾ ಯಾರಿಗೆ ಕೊಡತೇನಿ ಅವರು ಕುಂಡ್ರತಾರ, ಏಳು ಮ್ಯಾಲೆ ಅಂದ್ಲು. ಜೈನುದ್ದೀನ ತಲಿ ಬಗ್ಗಿಸಿದ. ಶ್ರೀಶೈಲಪ್ಪ ಬರೋಬ್ಬರಿ ಅಂದ.

ನರ್ಸಬಾಯಿ ಎದ್ದಳು. ಎದ್ದು ಸಣ್ಣ ದನಿಲೇ ಅಂದ್ಲು:

"ಆಯಿ, ಇದು ಮರ್ಯಾದಿ ಜಾಗಾ ಅಲ್ರಿ. ಅಡ್ಡ ಕುಂತವರಿಗೆ ತಡ್ಯಾಕ ಏನೂ ಇರೂದಿಲ್ಲ. ಬ್ರೇಕ್ ಹಾಕಿದ್ರ ಸಾಲಿಗೆ ಸಾಲೇ ಜಾರಿ ಈ ಮೂಲಿ ಮ್ಯಾಲ ಬೀಳತೈತ್ರಿ. ಅದಕ್ಕ ನಾ ಇಲ್ಲಿ ಕಾಲು ಕೊಟ್ಟು ಕುಂಡ್ರತೇನಿ."

ಡ್ರೈವರನ ಸೀಟಿನ ಹಿಂದಿನ ಕಬ್ಬಿಣದ ಪೈಪು ತೋರಿಸಿದ್ಲು. ಆಕಿ ಚಪ್ಪಲಿ ತಿಕ್ಕಿ ತಿಕ್ಕಿ ಅದರ ಬಣ್ಣ ಹೋಗಿತ್ತು. ಸುಂದರವ್ವ ಅದರ ಕಡೆ ನೋಡಲಿಲ್ಲ. ಎಂಥಾ ನೆವ ಹುಡುಕ್ಯಾಳ ನೋಡ್ರಿ ಅಂತ ನಕ್ಕು, ಸುವರ್ಣಾನ್ನ ಮೂಲ್ಯಾಗ ಕುಂಡ್ರಿಸಿದ್ಲು. ನರ್ಸಬಾಯಿ ಸುವರ್ಣಾನ ಬಾಜೂ ಕುಂತು, ಒಂದು ಕೈ ಸುವರ್ಣಾನ ಹೊಟ್ಟಿ ಮುಂದ ಅಡ್ಡ ಚಾಚಿ ಆ ಪೈಪು ಹಿಡಕೊಂಡ್ಲು. ಆಕಿ ಬಾಜೂ ಸುಂದರವ್ವ. ಭಾಳ ದಿನದ ಮ್ಯಾಲ ಆಕಿ ಮನಸ್ಸು ತಣ್ಣಗಾಗಿತ್ತು. ಗೆದ್ದಿದ್ಲಲ್ಲ! ಮ್ಯಾಲಿನ ಸರಳು ಹಿಡಕೋರಿ ಆಯಿ ಅಂತ ನರ್ಸಬಾಯಿ ಅಂದ್ರ, ಬೇಕಂತ ಎರಡೂ ಕೈ ಉಡ್ಯಾಗ ಇಟಗೊಂಡು ಕುಂತಳು.

ಅರ್ಧ ದಾರ್ಯಾಗ, ಒಂದು ನಿಂಬಿ ತ್ವಾಟದ ತಿರುವಿನ್ಯಾಗ, ಜ್ವಾಳದ ಕಣಕಿ ಹೇರಿದ ಟ್ರ್ಯಾಕ್ಟರು ಹೊಲದಿಂದ ಒಮ್ಮಿಗೇ ರಸ್ತೆಕ್ಕ ಬಂತು. ಜೈನುದ್ದೀನ ಬ್ರೇಕ್ ಮ್ಯಾಲ ನಿಂತ. ಜೀಪು ಟ್ರ್ಯಾಕ್ಟರಿಗೆ ಬಡೀಲಿಲ್ಲ, ಒಂದು ಮಾರು ಹಿಂದ ನಿಂತಿತು. ಹೊರಗಿಂದ ನೋಡಿದವರಿಗೆ ಏನೂ ಆಗಿಲ್ಲ ಅನಿಸಬೇಕು. ಒಳಗ ಬಾಕಿನ ಮ್ಯಾಲಿದ್ದ ಮಂದಿ ಎಲ್ಲಾ ಮುಂದಕ ಜಾರಿದ್ರು. ಮೊದಲ ಜಾರಿದಾಕಿ ಸುಂದರವ್ವ. ಆಕಿ ದಪ್ಪ ಮೈ ಹೋಗಿ ನರ್ಸಬಾಯಿಗೆ ಬಡೀತು, ಆಕಿ ಹಿಂದ ಶ್ರೀಶೈಲಪ್ಪ, ಅವನ ಹಿಂದ ಉಳಿದವರು. ಚಾಚಿದ ಆ ತೆಳ್ಳನ ಕೈ ಲಟಕ್ಕಂದಿದ್ದು ಸುಂದರವ್ವನ ಕಿವ್ಯಾಗ ಕೇಳಿತು.

ಕೈ ಮುರದ್ರೂ ನರ್ಸಬಾಯಿ ಭುಜಾನ ಪೈಪಿಗೆ ಆನಿಸಿ, ಮಂದಿ ಹಿಂದ ಸರಿಯೂತನಾ ಹಂಗ ಇದ್ಲು. ಆ ಕೈಯ ಹಿಂದ, ಒಂದು ಮೊಳದ ಜಾಗಾದಾಗ, ಸುವರ್ಣಾ ಹೊಟ್ಟಿ ಹಿಡಕೊಂಡು ಅಳಾಕತ್ತಿದ್ಲು. ಆಕಿಗೆ ಒಂದು ತರಚು ಗಾಯಾನೂ ಆಗಿದ್ದಿಲ್ಲ. ಅಷ್ಟು ನೋವಿನ್ಯಾಗನೂ ನರ್ಸಬಾಯಿ ಉಳಿದ ಕೈಯಿಂದ ಸುವರ್ಣಾನ ಹೊಟ್ಟಿ ಮುಟ್ಟಿ, ಹೊಳ್ಳಿ ಸುಂದರವ್ವನ್ನ ನೋಡಿ ಅಂದ್ಲು:

"ನೀವೂ ಒಮ್ಮೆ ಮುಟ್ಟಿ ನೋಡ್ರಿ ಆಯಿ. ನಿಮ್ಮ ಕೈಗೆ ನನಗಿಂತ ಚಲೋ ತಿಳಿತೈತಿ."

ಸುಂದರವ್ವ ಕೈ ಇಟ್ಟಳು. ಕೂಸು ಒದೀತು. ಇನ್ನೊಮ್ಮೆ ಒದಿಯೂತನಾ ಆಕಿ ಕೈ ತಗೀಲಿಲ್ಲ.

ನರ್ಸಬಾಯಿ ಕೈಗೆ ಪಟ್ಟಿ ಹಾಕಿದ ಸುದ್ದಿ ಇಂಡಿ ತುಂಬ ಆತು. ಆರ್.ಟಿ.ಓ. ಸಾಹೇಬರು ಬಂದು ಗಾಡಿ ಪುಸ್ತಕ ನೋಡಿ, ದಂಡ ಹಾಕಿ, ಬಾಕು ಕೊಯ್ಸಿದ್ರು. ತಿಂಗಳೊಪ್ಪತ್ತು ಮಂದಿ ಬಸ್ಸಿಗೆ ಜೋತಾಡಿದ್ರು. ಆಮ್ಯಾಲ ಊರವರ ಹೋಗಿ ಜೈನುದ್ದೀನನ್ನ ಕಾಡಿ ಬೇಡಿ ಮತ್ತ ಬಾಕು ಹಾಕಿಸಿದ್ರು. ಸುವರ್ಣಾ ಇಂಡಿ ದವಾಖಾನ್ಯಾಗ ಹಡದ್ಲು, ಹೆಣ್ಣು ಕೂಸು. ಬಾಗಲ ಹೊರಗ ಕುಂತ ಸುಂದರವ್ವಗ ಕೂಸಿನ ದನಿ ಕೇಳಿ ಕಣ್ಣಾಗ ನೀರು ಬಂತು. ಮೊದಲ ಎತ್ತಿಕೊಂಡಾಕಿ ತಾನಲ್ಲಲ್ಲ ಅಂತ ಹೊಟ್ಟಿನೂ ಉರೀತು. ಸುಳ್ಳ್ಯಾಕ ಹೇಳಬೇಕು, ಆ ಉರಿ ಆಕಿಗೆ ಕಡೀತನಕ ಹೋಗಲಿಲ್ಲ.

ಆದ್ರ ಬಾಕು ಮತ್ತ ಬಂದ ಸಂತಿಯಿಂದ ಮೂಲ್ಯಾಗ ಕುಂತಾಕಿ ಸುಂದರವ್ವ. ಎರಡೂ ಕಾಲು ಪೈಪಿಗೆ ಕೊಟ್ಟು, ಭುಜ ಕೊಟ್ಟು, ಮ್ಯಾಲಿನ ಸರಳು ಹಿಡಕೊಂಡು. ಜೈನುದ್ದೀನನ ಹೆಂಡತಿ ಅಬಿದಾ ತುಂಬಿದ ಬಸರಿ ಬಂದು ನಿಂತರೂ ಏಳಲಿಲ್ಲ, ನಿನ್ನ ಗಂಡನ ಮಗ್ಗಲಕ ಹೋಗಿ ಕುಂಡ್ರು ಅಂತ ಗದರಿಸಿ ಮುಂದ ಕಳಿಸಿದ್ಲು. ಮುದುಕಿಗೆ ವಯಸ್ಸಾದಂಗ ಹೊಟ್ಟಿಕಿಚ್ಚು ಹೆಚ್ಚಾತು, ಬಸರಿಗೂ ಮೂಲಿ ಬಿಡವಲ್ಲಳು ಅಂತ ಮಂದಿ ಆಕಿಗೆ ಕೇಳೂವಂಗ ಅಂದ್ರು. ಗಿರಣ್ಯಾಗ ತಾ ಆಡಿದ ಮಾತ ಅದು, ಅಕ್ಷರ ಬಿಡದಂಗ. ಸುಂದರವ್ವ ಸೆರಗು ಬಿಗಿದು ಮತ್ತ ಸರಳು ಹಿಡಕೊಂಡ್ಲು.

ಪಟ್ಟಿ ಬಿಚ್ಚಿದ ಮ್ಯಾಲ ನರ್ಸಬಾಯಿ ಜೀಪಿಗೆ ಬಂದ್ಲು. ಕೈ ಮೊಣಕೈ ಹತ್ತರ ಸೊಟ್ಟಗ ಕೂಡಿತ್ತು, ಪೂರಾ ಚಾಚಾಕ ಬರತಿದ್ದಿಲ್ಲ. ಮೂಲಿ ಮುಂದ ನಿಂತು, ಏಳ್ರಿ ಆಯಿ, ನಿಮಗ ವಯಸ್ಸಾಗೇತಿ, ನಾ ಕುಂಡ್ರತೇನಿ ಅಂದ್ಲು. ಸುಂದರವ್ವ ಆ ಸೊಟ್ಟ ಕೈ ನೋಡಿದ್ಲು, ಕಾಲು ಇನ್ನಷ್ಟು ಗಟ್ಟಿಯಾಗಿ ಪೈಪಿಗೆ ಒತ್ತಿದ್ಲು.

"ಮುಂದ ಹೋಗಿ ಕುಂಡ್ರು ಹೋಗು," ಅಂದ್ಲು. "ಊರಿಗೆ ನಿನ್ನ ಇನ್ನೊಂದು ಕೈಯರ ಉಳೀಲಿ."

ನರ್ಸಬಾಯಿ ಮುಂದ ಹೋಗಿ ಕುಂತಳು. ಹಿಂದ ಶ್ರೀಶೈಲಪ್ಪ, ಇವರಿಬ್ಬರ ಜಗಳ ಇನ್ನೂ ಮುಗೀಲಿಲ್ಲ ನೋಡ್ರಿ ಅಂತ ನಕ್ಕ.