ಟ್ಯಾಂಕಿನ ಮುಂದೊಂದು ನಿಂಬೆಹಣ್ಣು

ಸೋವಿಯತ್ ಕಾಲದ ಯುದ್ಧ ಟ್ಯಾಂಕುಗಳ ಪುಟ್ಟ ಮಾದರಿಗಳನ್ನು ಜೋಡಿಸುವುದು ನನ್ನ ಹುಚ್ಚು. ಆನ್‌ಲೈನಿನಲ್ಲಿ ಕಿಟ್ ತರಿಸಿ, ಕೊಳ್ಳೇಗಾಲದ ನಮ್ಮ ಮನೆಯಲ್ಲಿ ರೇಷ್ಮೆ ಮಗ್ಗದ ಪಕ್ಕದ ಮೇಜಿನ ಮೇಲೆ ಕೂತು ಅಂಟಿಸುತ್ತೇನೆ. ಗಾಲಿ ಉರುಳುವ ಕಿಟ್ಟುಗಳೂ ಸಿಗುತ್ತವೆ. ನಾನು ಆರಿಸುತ್ತಿದ್ದದ್ದು ಗಾಲಿಯನ್ನು ಗಟ್ಟಿಯಾಗಿ ಅಂಟಿಸಿಬಿಡುವಂಥದ್ದನ್ನೇ. ಉರುಳುವುದೆಲ್ಲ ಮಕ್ಕಳ ಆಟಿಕೆ ಎಂಬ ಜಂಬ ನನಗೆ.

ಕಳೆದ ಆಯುಧಪೂಜೆಯ ದಿನ ಅವ್ವ ಮಗ್ಗಕ್ಕೂ ಸ್ಕೂಟರಿಗೂ ವಿಭೂತಿ ಬಳಿದು, ಮೇಜಿನ ಮೇಲಿದ್ದ ಟ್ಯಾಂಕಿಗೂ ಬಳಿದಳು. ಸ್ಕೂಟರಿನ ಮುಂದಿಟ್ಟಂತೆ ಅದರ ಮುಂದೆಯೂ ಒಂದು ನಿಂಬೆಹಣ್ಣು ಇಟ್ಟಳು.

"ಇದು ಓಡಲ್ಲ ಕಣವ್ವ," ಅಂದೆ.

"ಗಾಡಿ ಅಂದ್ಮೇಲೆ ಗಾಡಿಯೇ ಕಣ್ಲಾ. ನಿಂಬೆಣ್ಣು ತುಳೀನಿಲ್ಲ ಅಂದ್ರೆ ಇನ್ಯಾರ್ನಾದ್ರೂ ತುಳೀತದೆ."

ಸ್ಕೂಟರನ್ನು ಹಣ್ಣಿನ ಮೇಲೆ ಹತ್ತಿಸಿದೆ. ಟ್ಯಾಂಕಿನ ಮುಂದಿನ ಹಣ್ಣನ್ನು ಹಾಗೇ ಬಿಟ್ಟೆ.

ಬೆಳಿಗ್ಗೆ ನೋಡಿದರೆ ಹಣ್ಣು ಅಪ್ಪಚ್ಚಿಯಾಗಿತ್ತು. ಟ್ಯಾಂಕು ಅದನ್ನು ದಾಟಿ ಒಂದು ಗೇಣು ಮುಂದೆ ನಿಂತಿತ್ತು. ಎತ್ತಿಕೊಂಡೆ. ಅಂಗೈಗೆ ಭಾರವೇ ಆಗದ ಪ್ಲಾಸ್ಟಿಕ್ಕು. ಗಾಲಿಯನ್ನು ಬೆರಳಿನಿಂದ ಒತ್ತಿ ತಿರುಗಿಸಿದರೂ ಅಲ್ಲಾಡಲಿಲ್ಲ. ಅಂಟು ಅಂಟಿದಂತೆಯೇ ಇತ್ತು. ಗಾಲಿಯ ಸಂದಿಯಲ್ಲಿ ಮಾತ್ರ ಒಂದು ನಿಂಬೆಬೀಜ ಸಿಕ್ಕಿಕೊಂಡಿತ್ತು.

"ನೀನೇನಾದ್ರೂ ಮುಟ್ಟಿದ್ಯಾ?" ಎಂದು ಅವ್ವನನ್ನು ಕೇಳಿದೆ.

"ನಾನ್ಯಾಕ್ಲಾ ಮುಟ್ಲಿ? ಸದ್ಯ, ನಿಂಬೆಣ್ಣಲ್ಲೇ ಓಯ್ತು," ಎಂದು ಅವಳು ಮೇಜು ಒರೆಸಿದಳು.

ಮೊನ್ನೆ ಹೊಸ ಕಿಟ್ ಆರಿಸುವಾಗ ಬಹಳ ಹೊತ್ತು ಯೋಚಿಸಿ, ಗಾಲಿ ಉರುಳುವುದನ್ನೇ ಆರಿಸಿದೆ. ಇದು ಕದಲಿದರೆ, ಗಾಲಿ ಇದೆಯಲ್ಲ, ಅದಕ್ಕೇ ಕದಲಿತು ಎಂದಾದರೂ ಹೇಳಿಕೊಳ್ಳಬಹುದು.